ಕಣ್ಣು ಬೇಡದ ಬೇಟೆ

ಇರುಳಿನಲ್ಲಿ ಪುಟ್ಟ ದೋಣಿಯಲ್ಲಿ ನಿಂತು ಈಟಿಯಿಂದ ಮೀನನ್ನು ಇರಿಯುವವನಿಗೆ ದೀಪ ಬೇಕು, ನೀರು ತಿಳಿಯಾಗಿರಬೇಕು. ನೀರಿನಿಂದ ಹೊರಬರುವ ಬೆಳಕು ಬಾಗುವುದರಿಂದ ಮೀನು ತಾನಿರುವುದಕ್ಕಿಂತ ಮೇಲೆ ಇರುವಂತೆ ತೋರುತ್ತದೆ. ಆದುದರಿಂದ ಅವನು ಕಂಡದ್ದಕ್ಕಿಂತ ಕೆಳಗೆ ಗುರಿಯಿಡಬೇಕು. ಈ ತೊಡಕುಗಳಾವುವೂ ಇಲ್ಲದ ಮೀನುಗಾರ ಪಕ್ಷಿಯೊಂದಿದೆ. ಅದೇ ಬಣ್ಣದ ಕೊಕ್ಕರೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಹಕ್ಕಿಗಳು ಹೆಜ್ಜಾರ್ಲೆಗಳೊಡನೆ ಊರೊಳಗಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಶಿಂಷಾ ನದಿಯೂ ಸುತ್ತಲಿನ ಕೆರೆಗಳೂ ಅವುಗಳ ಉಗ್ರಾಣ. ಕೊಕ್ಕರೆಯು ಆಳವಿಲ್ಲದ ನೀರಿನಲ್ಲಿ ನಡೆಯುತ್ತ, ಅರೆತೆರೆದ ಕೊಕ್ಕನ್ನು ಮುಳುಗಿಸಿ ಅತ್ತಿತ್ತ ಆಡಿಸುತ್ತದೆ; ಕಾಲಿನಿಂದ ಕೆಸರನ್ನು ಕದಡುತ್ತದೆ. ಬೆದರಿದ ಮೀನು ತಗುಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಇದರ ಬಂಧುವಾದ ಅಮೆರಿಕದ ಕೊಕ್ಕರೆಗೆ ಈ ಕ್ರಿಯೆಗೆ ಸೆಕೆಂಡಿನ 40ನೆಯ ಒಂದು ಭಾಗ ಸಾಕಾಗುವುದೆಂದು ವಿಜ್ಞಾನಿಗಳು ಅಳೆದಿದ್ದಾರೆ. ಕಣ್ಣಿನ ನೆರವು ಬೇಡವಾದುದರಿಂದ ಕದಡಿದ ನೀರಿನಲ್ಲಿಯೂ ಬೇಟೆ ಸಾಗುತ್ತದೆ. ಪುಲಿಕಾಟ್ ಸರೋವರದಲ್ಲಿ ಬಣ್ಣದ ಕೊಕ್ಕರೆಗಳು ರಾತ್ರಿಯೂ ಮೀನು ಹಿಡಿಯುವುದು ಕಂಡುಬಂದಿದೆ.

ಆದರೆ ಸ್ಪರ್ಶದ ಬೇಟೆಗೆ ಒಂದು ಮಿತಿಯುಂಟು. ಮೀನು ವಿರಳವಾದರೆ ಅದು ಕೊಕ್ಕಿಗೆ ತಗುಲದು. ಕೆರೆ ಬತ್ತಿದರೆ ಗೂಡಿನ ಮರಿಗಳಿಗೆ ಆಹಾರವಿಲ್ಲ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಹಕ್ಕಿ ಉಳಿಯಬೇಕಾದರೆ ಗೂಡಿನ ಮರವನ್ನು ಕಾಯ್ದರೆ ಸಾಲದು. ಮೀನಿರುವ ಕೆರೆಯನ್ನೂ ಕಾಯಬೇಕು.