ಬೋಡಿಮೆಟ್ಟಿನ ಅವರೆಬೀಜವೂ ನಮ್ಮ ಬೇಸಿಗೆಯ ಹಿತ್ತಿಲೂ

ಶಾಲಾ ಮಕ್ಕಳೊಂದಿಗೆ ಮುನ್ನಾರು ನೋಡಿ ಮಧುರೆಗೆ ಇಳಿಯುವ ದಾರಿಯಲ್ಲಿ ನಾವು ಬೋಡಿಮೆಟ್ಟಿನಲ್ಲಿ ಚಹಾಕ್ಕೆಂದು ನಿಂತೆವು. ಕೇರಳ ಮುಗಿದು ತಮಿಳುನಾಡು ಆರಂಭವಾಗುವುದು ಅಲ್ಲಿಯೇ. ಕೆಳಗಿನ ಬೋಡಿನಾಯಕನೂರಿನಿಂದ ಏಲಕ್ಕಿ ತೋಟಗಳಿಗೆ ಕೂಲಿಯವರನ್ನು ಹೊತ್ತ ಜೀಪುಗಳೂ ಅವುಗಳ ಹಿಂದೆ ತರಕಾರಿ ತುಂಬಿದ ವಾಹನಗಳೂ ತಿರುವು ತಿರುವಾಗಿ ಘಟ್ಟ ಹತ್ತಿ ಬರುತ್ತಿದ್ದವು.

ಚಹಾದಂಗಡಿಯಾಕೆ ನಮ್ಮೊಡನೆ ತಮಿಳಿನಲ್ಲಿ ಮಾತಾಡಿದಳು. ಒಳಗಿದ್ದ ಅತ್ತೆಯನ್ನು ಕರೆದದ್ದು ಮಾತ್ರ ಕನ್ನಡದಲ್ಲಿ! ಮಕ್ಕಳು ಬೆರಗಾಗಿ ಗ್ಲಾಸು ಕೆಳಗಿಟ್ಟರು. ಬೋಡಿ, ಕಂಬಂ ಕಡೆ ಹೀಗೆ ಓದುಬರಹ ತಮಿಳಾಗಿ ಮನೆಮಾತು ಕನ್ನಡವಾಗಿರುವ ಒಕ್ಕಲಿಗರು ಬಹಳ ಇದ್ದಾರೆ. ಅಲ್ಲಿ ಅವರಿಗೆ ಕಾಪ್ಪಿಲಿಯರ್ ಎಂದು ಹೆಸರು. ಅಂಗಡಿಯ ಹಿಂದೆ ಒಂದು ಅವರೆ ಚಪ್ಪರ. ಗ್ಲಾಸು ತೊಳೆದ ನೀರು ಸಣ್ಣ ಕಣಿಯಲ್ಲಿ ಹರಿದು ಅದರ ಬುಡಕ್ಕೇ ಹೋಗುತ್ತಿತ್ತು. ಹೊರಡುವಾಗ ಆಕೆ ಒಂದು ಹಿಡಿ ಬೀಜ ಕಾಗದದಲ್ಲಿ ಕಟ್ಟಿಕೊಟ್ಟಳು.

1895ರಲ್ಲಿ ಕೆಲಸ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ ಕೇರಳದ ನೀರು ಸುರಂಗದಲ್ಲಿ ಹಾದು ಕಂಬಂ ಕಣಿವೆಗೆ ಇಳಿಯುತ್ತದೆ. ಆ ನೀರು ಬದನೆ, ಟೊಮೇಟೊ ಆಗಿ ಲಾರಿಯೇರಿ ಪುನಃ ಕೇರಳಕ್ಕೆ ಬರುತ್ತದೆ. ನಮ್ಮ ಕಾಸರಗೋಡಿಗೆ ಬರುವ ತರಕಾರಿ ಮೈಸೂರು, ಹಾಸನದ ಕಡೆಯದು. ಘಟ್ಟ ಬೇರೆ, ಕತೆ ಅದೇ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನವರು ನಾವು, ಮೀನ ತಿಂಗಳಲ್ಲಿ ಎರಡು ಬೆಂಡೆಕಾಯಿಗೆ ಪೇಟೆಗೆ ಓಡುತ್ತೇವೆ.

ಬಾವಿಯಲ್ಲಿ ನೀರಿಲ್ಲ ಎಂಬ ಮಾತು ಸುಳ್ಳಲ್ಲ. ಮುರಕಲ್ಲಿನ ನೆಲ ಮಳೆಗಾಲದ ನೀರನ್ನು ಹಿಡಿದಿಡುವುದಿಲ್ಲ. ಆದರೆ ಹತ್ತು ಬುಡ ತರಕಾರಿಗೆ ಬಾವಿಯೇ ಬೇಕೆಂದಿಲ್ಲ. ಗುಂಡಿ ತೋಡಿ ಅಡಿಯಲ್ಲಿ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗಿ ಹರಡಿ, ಮೇಲೆ ಹಟ್ಟಿಗೊಬ್ಬರ, ಸುಡುಮಣ್ಣು ತುಂಬಿ ನೋಡಿ. ಸಿಪ್ಪೆ ಕುಡಿದ ನೀರನ್ನು ಬಿಸಿಲು ಅಷ್ಟು ಸುಲಭವಾಗಿ ಕಸಿಯಲಾರದು. ಬುಡಕ್ಕೆ ಒಂದು ಗೇಣು ದಪ್ಪ ತರಗೆಲೆ ಮುಚ್ಚಬೇಕು. ಅಕ್ಕಿ ತೊಳೆದ ನೀರು ಬೆಂಡೆಗೆ, ಅಲಸಂಡೆಗೆ. ಬಚ್ಚಲ ಸಾಬೂನು ನೀರು ಬಾಳೆಯ ಬುಡಕ್ಕೆ. ನೀರು ಹಾಕುವುದು ಮುಂಜಾನೆ ಅಥವಾ ಮುಸ್ಸಂಜೆ. ನಡು ಮಧ್ಯಾಹ್ನ ಬಾಡಿದ ಎಲೆ ಕಂಡು ಕೊಡ ಹಿಡಿದು ಓಡುವವರಿದ್ದಾರೆ (ನಮ್ಮ ಮನೆಯಲ್ಲೂ ಇದ್ದಾರೆ). ಸಂಜೆಗೆ ಆ ಎಲೆ ತಾನೇ ಎದ್ದು ನಿಂತರೆ ಗಿಡಕ್ಕೆ ಬಾಯಾರಿಕೆಯಿಲ್ಲ ಎಂದೇ ತಿಳಿಯಬೇಕು.

ಎಲೆಯಡಿ ಹೇನು ಕಂಡರೆ ಒಂದು ಲೀಟರ್ ನೀರಿಗೆ 20 ಮಿಲ್ಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, ಸ್ವಲ್ಪ ಬಾರ್ ಸಾಬೂನು ಕದಡಿ ಸಂಜೆ ಸಿಂಪಡಿಸಿದರೆ ಸಾಕು. ಹಾಗಲದ ಎಳೆಕಾಯಿಗೆ ಕಾಗದದ ಚೀಲ ತೊಡಿಸಿದರೆ ನೊಣ ಮುಟ್ಟುವುದಿಲ್ಲ. ಎಂಡೋಸಲ್ಫಾನಿನ ನೋವು ಉಂಡ ಜಿಲ್ಲೆಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ನಮ್ಮ ಅವರೆಬೀಜದ ವಿಷಯ. ಕುಂಭ ತಿಂಗಳಲ್ಲಿ ಅರ್ಧ ಬೀಜ ಬಿತ್ತಿದೆವು. ಬಳ್ಳಿ ಚಪ್ಪರ ತುಂಬಿ ಮಾಡಿನವರೆಗೂ ಏರಿತು. ಬಿಸು ಬಂತು, ಹೋಯಿತು, ಒಂದು ಹೂವಿಲ್ಲ! ನೆರೆಯವರು ಗೊಬ್ಬರ ಹೆಚ್ಚಾಯಿತು ಎಂದರು. ತಪ್ಪು ಗೊಬ್ಬರದ್ದಲ್ಲ, ನಮ್ಮದು. ನಾಟಿ ಅವರೆ ಹೂ ಬಿಡುವುದು ಹಗಲು ಕಿರಿದಾಗುವ ಕಾಲಕ್ಕೆ. ಹಗಲು ಹಿಗ್ಗುವ ಕಾಲದಲ್ಲಿ ಬಿತ್ತಿ ಕಾಯಿ ಕೇಳಿದರೆ ಅದೇನು ಮಾಡೀತು? ಪಾಠ ಹೇಳುವ ನಾವೇ ಪಂಚಾಂಗ ಮರೆತಿದ್ದೆವು. ಪಕ್ಕದಲ್ಲಿ ಮಕರ ಸಂಕ್ರಮಣದ ಹೊತ್ತಿಗೆ ಬಿತ್ತಿದ್ದ ಊರ ಸೌತೆ ಮಾತ್ರ ಬಿಸು ಕಣಿಗೆ ಹೊನ್ನಿನ ಬಣ್ಣದಲ್ಲಿ ಕುಳಿತಿತ್ತು.

ಆ ಸೌತೆಯ ಬೀಜ ಅಜ್ಜಿಯ ಕಾಲದ್ದು. ಅಂಗಡಿಯ ಹೈಬ್ರಿಡ್ ಪೊಟ್ಟಣದಿಂದ ಬೆಳೆದ ಕಾಯಿಯ ಬೀಜ ತೆಗೆದಿಟ್ಟು ಮರುವರ್ಷ ಬಿತ್ತಿದಾಗ ನಮಗೆ ಸಿಕ್ಕಿದ್ದು ಒಂದೊಂದು ಬುಡದಲ್ಲಿ ಒಂದೊಂದು ಜಾತಿ. ಊರ ಬೀಜ ಹಾಗೆ ಕೈಕೊಡುವುದಿಲ್ಲ. ಆದರೆ ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಅದನ್ನು ಬೂದಿ ಬೆರೆಸಿ ಕಾಪಿಡುವ ಮನೆಗಳೂ ಕಡಿಮೆಯಾದವು. ತರಗತಿಯಲ್ಲಿ ಅಲಸಂಡೆ ಎಂದರೆ ಮಕ್ಕಳು ಮುಖ ನೋಡುತ್ತಾರೆ, ಪಯರ್ ಎಂದರೆ ತಿಳಿಯುತ್ತದೆ.

ಬೋಡಿಮೆಟ್ಟಿನ ಅವರೆಯಲ್ಲಿ ಹನ್ನೊಂದು ಬೀಜ ಬೂದಿಯ ಡಬ್ಬಿಯಲ್ಲಿ ಉಳಿದಿವೆ. ಆಟಿಯ ಮಳೆ ಇಳಿದ ಮೇಲೆ ಬಿತ್ತುತ್ತೇವೆ. ಕಾಯಿ ಬಲಿತರೆ, ಕೇಳಿದವರಿಗೆ ಎರಡೆರಡು ಬೀಜ ಕೊಡಲಿಕ್ಕೆ ಅಡ್ಡಿಯಿಲ್ಲ.