ತಿಳಿದೂ ಬರೆಯಲಾರದವರು

ಹಿತ್ತಾಳೆಯ ಗುಂಡಿಗೆ ಬದಲಾಗಿ ಅದೇ ಗಾತ್ರದ ಮರದ ಗುಂಡನ್ನು ತೂಗಬಿಟ್ಟರೂ ಲೋಲಕದ ದೋಲನಾವಧಿ ಹೆಚ್ಚುಕಡಿಮೆ ಒಂದೇ ಆಗಿರುವುದೇಕೆ? ಪ್ರಯೋಗಶಾಲೆಯಲ್ಲಿ ನಾವು ಹೀಗೆ ಕೇಳಿದಾಗ ವಿದ್ಯಾರ್ಥಿಯೊಬ್ಬನು ಬಹು ಸ್ಪಷ್ಟವಾಗಿ ಉತ್ತರವಿತ್ತನು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಅವನು ಬರೆದುದಾದರೋ ನಾಲ್ಕೇ ಸಾಲು. ಒತ್ತಕ್ಷರಗಳು ಬಿಟ್ಟುಹೋಗಿದ್ದುವು, ಸಾಲುಗಳು ಓರೆಯಾಗಿದ್ದುವು. ಸೋಮಾರಿತನವೆಂದು ಬಗೆದು ನಾವು ಅಂಕ ಕಳೆದೆವು.

ನಮ್ಮ ಕಣ್ಣನ್ನು ತೆರೆಯಿಸಿದುದು ಹಳೆಯದೊಂದು ವೃತ್ತಾಂತ. 1896ರಲ್ಲಿ ಇಂಗ್ಲೆಂಡಿನ ವೈದ್ಯರಾದ ಪ್ರಿಂಗಲ್ ಮಾರ್ಗನ್ ಎಂಬವರು ಪರ್ಸಿ ಎಂಬ 14 ವರ್ಷದ ಬಾಲಕನ ವಿಷಯವನ್ನು ಪ್ರಕಟಿಸಿದರು. ಲೆಕ್ಕದಲ್ಲಿ ಚುರುಕಾಗಿದ್ದ ಅವನು ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದಿದ್ದನು! ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದರೆ ಶಾಲೆಗೆಲ್ಲ ಅವನೇ ಜಾಣನೆಂಬುದು ಉಪಾಧ್ಯಾಯರ ಅಭಿಪ್ರಾಯವಾಗಿತ್ತು. ಓದಿನ ಇಂತಹ ತೊಡಕನ್ನು ಈಗ ಡಿಸ್‌ಲೆಕ್ಸಿಯ ಎಂದೂ ಬರಹದ ತೊಡಕನ್ನು ಡಿಸ್‌ಗ್ರಾಫಿಯ ಎಂದೂ ಕರೆಯುತ್ತಾರೆ. ಇವು ಮಿದುಳು ಬೆಳೆಯುವ ರೀತಿಗೆ ಸಂಬಂಧಿಸಿದುವು, ಬುದ್ಧಿಯ ಕೊರತೆಯಲ್ಲ.

ಯಂತ್ರಕ್ಕೆ ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಘರ್ಷಣೆಯಲ್ಲಿ ವ್ಯಯವಾಗುವುದಷ್ಟೆ. ಬರಹದಲ್ಲಿಯೂ ಹಾಗೆಯೇ. ಅಕ್ಷರದ ರೂಪವನ್ನು ನೆನೆಯಬೇಕು, ಒತ್ತನ್ನು ಅದರ ಸ್ಥಾನದಲ್ಲಿಡಬೇಕು, ಬೆರಳುಗಳನ್ನು ನಡೆಸಬೇಕು. ಜೊತೆಗೆ ಮುಂದಿನ ವಾಕ್ಯವನ್ನು ಮನಸ್ಸಿನಲ್ಲಿ ಹಿಡಿದಿರಬೇಕು. ರೂಢಿಯಾದವರಿಗೆ ಮೊದಲ ಮೂರು ಕೆಲಸಗಳು ತಾವಾಗಿ ನಡೆಯುತ್ತವೆ. ಈ ಮಕ್ಕಳಿಗೆ ಒಂದೊಂದಕ್ಕೂ ಗಮನ ವ್ಯಯವಾಗಿ, ಆಲೋಚನೆಗೆ ಉಳಿಯುವುದು ಅತ್ಯಲ್ಪ. ಶಿಕ್ಷೆಯೆಂದು ನೂರು ಸಲ ಬರೆಯಿಸಿದರೆ ಕೈ ಸೋಲುವುದೇ ಹೊರತು ತೊಡಕು ನೀಗದು.

ಹಾಗಾದರೆ ಉಪಾಯವೇನು? ಹೊರೆಗಳನ್ನು ಬೇರ್ಪಡಿಸುವುದು. ವಿಷಯವನ್ನು ಮೊದಲು ಬಾಯಲ್ಲಿ ಹೇಳಿಸಿ, ಮುಖ್ಯಾಂಶಗಳನ್ನು ಗುರುತು ಹಾಕಿಸಿ, ಬಳಿಕ ಬರೆಯಿಸಬಹುದು. ಅಂಕಿಗಳು ಸಾಲು ತಪ್ಪದಂತೆ ಚೌಕುಳಿ ಹಾಳೆಯನ್ನು ಕೊಡಬಹುದು. ಅಕ್ಷರಾಭ್ಯಾಸವನ್ನು ದಿನವೂ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾಡಿಸಬಹುದು. ಕೆಲವರಿಗೆ ಕೀಲಿಮಣೆ ಸುಲಭ. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಂತಹ ಕಲಿಕೆಯ ತೊಡಕುಗಳನ್ನೂ ಒಳಗೊಂಡಿತು. ಅರ್ಹರಾದ ಅಭ್ಯರ್ಥಿಗಳಿಗೆ ಲಿಪಿಕಾರನನ್ನೂ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚಿನ ಕಾಲವನ್ನೂ ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ತಿಳಿಸಿತು. ಇದು ದಯೆಯಲ್ಲ, ಅಳತೆಯ ದೋಷವನ್ನು ತಿದ್ದುವ ಕ್ರಮ.

ನಾವು ಆ ವಿದ್ಯಾರ್ಥಿಯನ್ನು ಕರೆದು ಉತ್ತರವನ್ನು ಮತ್ತೆ ಬಾಯಲ್ಲಿ ಹೇಳಿಸಿದೆವು. ಒಂದು ತಪ್ಪೂ ಇರಲಿಲ್ಲ. ಅವನ ಭೌತಶಾಸ್ತ್ರವನ್ನು ಅಳೆಯುತ್ತಿದ್ದೇವೆಂದು ನಾವು ತಿಳಿದಿದ್ದೆವು. ಅಳೆದದ್ದು ಅವನ ಕೈಬರಹವನ್ನು. ನಿಮ್ಮ ಪಕ್ಕದ ಬೆಂಚಿನಲ್ಲಿಯೂ ಅಂತಹ ಗೆಳೆಯನೊಬ್ಬನಿರಬಹುದು. ಅವನ ಬರಹವನ್ನು ಕಂಡು ನಗುವ ಮುನ್ನ ಅವನ ಮಾತಿಗೆ ಕಿವಿಗೊಡಿರಿ.