ನಗೆ ಅನಿಲದ ವೇಗ, ಘಾಟಿಯ ಲೆಕ್ಕ

ಸಕಲೇಶಪುರ: ಆಲೂರು ದಾಟಿ ಬಾಳ್ಳುಪೇಟೆ, ಸಕಲೇಶಪುರದತ್ತ ಸಾಗುವ ಕಾರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಗಾಳಿಯನ್ನು ಸೇವಿಸುತ್ತಿರುತ್ತದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ವಾಯು ಒತ್ತಡ ಹತ್ತನೇ ಒಂದು ಭಾಗದಷ್ಟು ಕಡಿಮೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನ ಶಕ್ತಿಯೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಏರು ರಸ್ತೆಯಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಹೊರಟ ಚಾಲಕನಿಗೆ ಈ ಕೊರತೆ ಕಾಲಡಿಯಲ್ಲೇ ತಿಳಿಯುತ್ತದೆ.

ಹಾಗಾದರೆ ಸಿನಿಮಾಗಳಲ್ಲಿ ಕಾಣುವಂತೆ ನೈಟ್ರಸ್ ಆಕ್ಸೈಡ್ ಬಾಟಲಿಯೊಂದನ್ನು ಡಿಕ್ಕಿಯಲ್ಲಿ ಕೂರಿಸಿದರೆ? ಅದರ ಜತೆಗೆ ಡ್ರ್ಯಾಗ್ ರೇಸ್ ಕಾರುಗಳಲ್ಲಿ ಬಳಸುವ ‘ಹೈ ಸ್ಟಾಲ್’ ಟಾರ್ಕ್ ಕನ್ವರ್ಟರ್ ಜೋಡಿಸಿದರೆ? ಕಾರು ಮಾರ್ಪಡಿಸುವ ಹವ್ಯಾಸಿಗಳ ವಲಯದಲ್ಲಿ ಆಗಾಗ ಕೇಳಿಬರುವ ಪ್ರಶ್ನೆ ಇದು. ನೇರ ರಸ್ತೆಯ 402 ಮೀಟರ್ ಓಟದಲ್ಲಿ ಈ ಜೋಡಿ ಅದ್ಭುತವಾಗಿ ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಅದೇ ಗುಣಗಳು ಶಿರಾಡಿ ಘಾಟಿಯಲ್ಲಿ ದೋಷಗಳಾಗಿ ಪರಿಣಮಿಸುತ್ತವೆ.

ಬಾಟಲಿಯೊಳಗಿನ ಗಾಳಿ

ನೈಟ್ರಸ್ ಆಕ್ಸೈಡ್ ಎಂದರೆ ದಂತವೈದ್ಯರೂ ಶಸ್ತ್ರಚಿಕಿತ್ಸಕರೂ ಬಳಸುವ ಅದೇ ‘ನಗೆ ಅನಿಲ’. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇದನ್ನು ತಯಾರಿಸಿದರು. ಇದು ತಾನಾಗಿ ಉರಿಯುವ ಇಂಧನವಲ್ಲ. ಅನೇಕರು ತಪ್ಪು ತಿಳಿಯುವುದು ಇಲ್ಲಿಯೇ. ಗಾಳಿಯಲ್ಲಿ ತೂಕದ ಲೆಕ್ಕದಲ್ಲಿ ಶೇ 23ರಷ್ಟು ಆಮ್ಲಜನಕವಿದ್ದರೆ, ಈ ಅನಿಲದಲ್ಲಿ ಶೇ 36ರಷ್ಟಿದೆ. ಸಿಲಿಂಡರ್‌ನ ತಾಪಕ್ಕೆ ಅದು ಒಡೆದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಆಗ ಹೆಚ್ಚುವರಿ ಪೆಟ್ರೋಲ್ ಸುಡಲು ಸಾಧ್ಯವಾಗುತ್ತದೆ. ದ್ರವರೂಪದಲ್ಲಿ ಹೊರಬಂದು ಆವಿಯಾಗುವಾಗ ಒಳಬರುವ ಗಾಳಿಯನ್ನು ತಂಪಾಗಿಸುವುದು ಇನ್ನೊಂದು ಲಾಭ.

ತೆಳು ಗಾಳಿಗೆ ಇದು ಮದ್ದು ಎಂಬ ಯೋಚನೆ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯು ‘ಜಿಎಂ–1’ ಎಂಬ ಹೆಸರಿನಲ್ಲಿ ಯುದ್ಧವಿಮಾನಗಳ ಎಂಜಿನ್‌ಗಳಿಗೆ ನೈಟ್ರಸ್ ಊಡಿಸಿದ್ದು ಅತಿ ಎತ್ತರದಲ್ಲಿ ಹಾರುವಾಗ ಕುಗ್ಗುತ್ತಿದ್ದ ಶಕ್ತಿಯನ್ನು ಮರಳಿ ಪಡೆಯಲೆಂದೇ.

ಆದರೆ ಷರತ್ತುಗಳಿವೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ನೈಟ್ರಸ್ ನುಗ್ಗಿಸಿದರೆ ಸಿಲಿಂಡರ್‌ನ ಒತ್ತಡ ಒಮ್ಮೆಲೇ ಏರಿ ಪಿಸ್ಟನ್ ಒಡೆಯಬಹುದು, ಕನೆಕ್ಟಿಂಗ್ ರಾಡ್ ಬಾಗಬಹುದು. ಆದ್ದರಿಂದ ಆಕ್ಸಿಲರೇಟರನ್ನು ಪೂರ್ತಿ ತುಳಿದಿರುವಾಗ, ಸಾಮಾನ್ಯವಾಗಿ 3,000 ಆರ್‌ಪಿಎಂ ದಾಟಿದ ನಂತರವೇ ಅದನ್ನು ಹರಿಯಬಿಡುತ್ತಾರೆ. ನಿಂತ ಕಾರು ಹೊರಡುವ ಗಳಿಗೆಯಲ್ಲಿ ಎಂಜಿನ್ ಆ ವೇಗಕ್ಕೆ ಏರುವುದಾದರೂ ಹೇಗೆ? ಟಾರ್ಕ್ ಕನ್ವರ್ಟರ್ ಪ್ರವೇಶಿಸುವುದು ಇಲ್ಲಿ.

ಸ್ಟಾಲ್ ಎಂದರೆ ಬಂದ್ ಬೀಳುವುದಲ್ಲ

ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಚಾಲೂ ಮಾಡಿದರೆ ಇನ್ನೊಂದು ತಾನೂ ತಿರುಗತೊಡಗುತ್ತದೆ. ಟಾರ್ಕ್ ಕನ್ವರ್ಟರ್‌ನ ತತ್ವ ಇದೇ. ಗಾಳಿಯ ಬದಲು ಅಲ್ಲಿ ಎಣ್ಣೆ ಇರುತ್ತದೆ. ಎಂಜಿನ್ನಿಗೆ ಅಂಟಿಕೊಂಡ ಪಂಪು ಎಣ್ಣೆಯನ್ನು ಚಿಮ್ಮಿಸಿದರೆ, ಗೇರ್‌ಬಾಕ್ಸ್‌ಗೆ ಸೇರಿದ ಟರ್ಬೈನ್ ತಿರುಗುತ್ತದೆ. ನಡುವಿನ ಸ್ಟೇಟರ್ ಎಂಬ ಚಕ್ರ ಮರಳುವ ಎಣ್ಣೆಯ ದಿಕ್ಕು ಬದಲಿಸಿ, ಹೊರಡುವ ಕ್ಷಣದಲ್ಲಿ ಎಂಜಿನ್ನಿನ ಟಾರ್ಕ್ ಅನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಪೇಟೆಂಟ್ ಪಡೆದ ಉಪಾಯವಿದು.

ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ತುಳಿದರೆ ಟರ್ಬೈನ್ ನಿಂತೇ ಇರುತ್ತದೆ, ಎಂಜಿನ್ ಒಂದು ಮಿತಿಯವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಆ ಮಿತಿಯೇ ‘ಸ್ಟಾಲ್’ ವೇಗ. ಗಾಡಿ ಬಂದ್ ಬೀಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾಮೂಲಿ ಕಾರುಗಳಲ್ಲಿ ಇದು 2,000 ಆರ್‌ಪಿಎಂ ಆಸುಪಾಸಿನಲ್ಲಿರುತ್ತದೆ. ಡ್ರ್ಯಾಗ್ ಕಾರುಗಳಲ್ಲಿ 3,500, 4,000, ಅದಕ್ಕೂ ಹೆಚ್ಚು. ಹಾಗಾಗಿ ಹಸಿರು ದೀಪ ಬೆಳಗುವ ಹೊತ್ತಿಗೇ ಎಂಜಿನ್ ನೈಟ್ರಸ್ ಅನ್ನು ತಾಳಿಕೊಳ್ಳುವ ವೇಗದಲ್ಲಿರುತ್ತದೆ. ಗೇರ್ ಬದಲಾಗುವಾಗ ಕಾಲೆತ್ತುವ ಪ್ರಮೇಯವಿಲ್ಲ, ಅನಿಲದ ಹರಿವೂ ಕಡಿಯುವುದಿಲ್ಲ. ಇವೆರಡನ್ನು ಒಟ್ಟಿಗೆ ಹೆಸರಿಸುವುದು ಈ ಕಾರಣಕ್ಕೆ.

ಇಷ್ಟಾದರೂ ಡಬ್ಬಿಯ ಮೇಲೆ ‘3,000 ಸ್ಟಾಲ್’ ಎಂದು ಬರೆದ ಮಾತ್ರಕ್ಕೆ ಎಲ್ಲ ಕಾರಿನಲ್ಲೂ ಅದು 3,000 ಆಗುವುದಿಲ್ಲ. ಸ್ಟಾಲ್ ವೇಗವು ಟಾರ್ಕ್‌ನ ವರ್ಗಮೂಲಕ್ಕೆ ಅನುಗುಣವಾಗಿ ಏರಿಳಿಯುತ್ತದೆ. 200 ನ್ಯೂಟನ್ ಮೀಟರ್ ಟಾರ್ಕ್‌ನ ಎಂಜಿನ್ 2,500ಕ್ಕೆ ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. ನೈಟ್ರಸ್‌ನಿಂದ ಟಾರ್ಕ್ 300ಕ್ಕೆ ಏರಿದರೆ ಅದೇ ಕನ್ವರ್ಟರ್ ಸುಮಾರು 3,060ಕ್ಕೆ ಹೋಗುತ್ತದೆ. ಮಲೆನಾಡಿನ ಗಾಳಿಯಲ್ಲಿ ಟಾರ್ಕ್ 180ಕ್ಕೆ ಇಳಿದರೆ ಸ್ಟಾಲ್ 2,370ಕ್ಕೆ ಕುಸಿಯುತ್ತದೆ. ನೈಟ್ರಸ್ ಇಲ್ಲದೆ ಸರಿಯೆನಿಸಿದ ಕನ್ವರ್ಟರ್ ನೈಟ್ರಸ್ ಬಿದ್ದೊಡನೆ ಸಡಿಲವಾಗಿ ಜಾರತೊಡಗುತ್ತದೆ. ಜಾರಿದ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗುತ್ತದೆ. ಎರಡನ್ನೂ ಒಂದೇ ಲೆಕ್ಕದಲ್ಲಿ ಆಯ್ದುಕೊಳ್ಳದೆ ಬೇರೆ ಬೇರೆ ಕಡೆ ಕೊಂಡು ತಂದು ಜೋಡಿಸುವವರು ಹಣ ಕಳೆದುಕೊಳ್ಳುವುದು ಹೀಗೆ.

ಬೆಂಗಳೂರು, ಸಕಲೇಶಪುರ ಎರಡೂ ಸರಿಸುಮಾರು ಒಂದೇ ಎತ್ತರದಲ್ಲಿವೆ. ಡ್ರ್ಯಾಗ್ ಓಟಗಳು ನಡೆದಿರುವ ಜಕ್ಕೂರು ವಿಮಾನಾಂಗಳದಲ್ಲಿ ಹೊಂದಿಸಿದ ಕಾರು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ ಎಂದರೆ ಅಚ್ಚರಿಪಡಬೇಕಿಲ್ಲ.

ಇಳಿಜಾರಿನ ಅಪಾಯ

ಶಿರಾಡಿಯ ವಿಷಯಕ್ಕೆ ಬಂದರೆ ಲೆಕ್ಕ ಇನ್ನಷ್ಟು ಜಟಿಲ. ಬಾಟಲಿಯ ಒತ್ತಡವನ್ನು ನಿರ್ಧರಿಸುವುದು ಅದರ ಉಷ್ಣತೆ. 15 ಡಿಗ್ರಿಯಲ್ಲಿ ಅದು ಸುಮಾರು 45 ಬಾರ್. 30 ಡಿಗ್ರಿಯಲ್ಲಿ ಸುಮಾರು 63 ಬಾರ್. ಡಿಸೆಂಬರ್‌ನ ಮಂಜು ಮುಸುಕಿದ ಮುಂಜಾನೆ ಸಕಲೇಶಪುರದಲ್ಲಿ ಹೊಂದಿಸಿದ ಕಾರು ಘಾಟಿ ಇಳಿದು ಗುಂಡ್ಯ, ಉಪ್ಪಿನಂಗಡಿ ದಾಟುವಷ್ಟರಲ್ಲಿ ಬಾಟಲಿ ಬಿಸಿಯೇರಿ ಹೆಚ್ಚು ಅನಿಲ ನುಗ್ಗಿಸತೊಡಗುತ್ತದೆ. ಅದರ ಜತೆ ಸುರಿಯುವ ಪೆಟ್ರೋಲ್ ಮಾತ್ರ ಅಷ್ಟೇ ಇರುತ್ತದೆ. ಇಂಧನ ಕಡಿಮೆ, ಆಮ್ಲಜನಕ ಹೆಚ್ಚು ಎಂಬ ಈ ಸ್ಥಿತಿಯಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಕರಗಲು ಕೆಲವೇ ಸೆಕೆಂಡು ಸಾಕು. ರೇಸ್ ತಂಡಗಳು ಪ್ರತಿ ಓಟಕ್ಕೆ ಮುನ್ನ ಬಾಟಲಿಯ ಒತ್ತಡ ನೋಡುವುದು ಇದೇ ಕಾರಣಕ್ಕೆ. ಒತ್ತಡ ಏರಿಸಲು ಬಾಟಲಿಗೆ ಬೆಂಕಿ ತೋರಿಸುವುದಂತೂ ಸ್ಫೋಟಕ್ಕೆ ಆಹ್ವಾನ.

ಕನ್ವರ್ಟರ್‌ನದು ಬೇರೆ ಕತೆ. ಮಾರನಹಳ್ಳಿಯ ಏರಿನಲ್ಲಿ ಟ್ಯಾಂಕರ್ ಸಾಲಿನ ಹಿಂದೆ ತೆವಳುವಾಗ ಹೈ ಸ್ಟಾಲ್ ಕನ್ವರ್ಟರ್ ಎಂದೂ ಪೂರ್ತಿ ಕಚ್ಚಿಕೊಳ್ಳುವುದಿಲ್ಲ. ಎಂಜಿನ್ ಬೊಬ್ಬಿಡುತ್ತದೆ, ಕಾರು ನಡಿಗೆಯ ವೇಗದಲ್ಲಿರುತ್ತದೆ, ಗೇರ್‌ಬಾಕ್ಸ್ ಎಣ್ಣೆ ಕಾಯುತ್ತದೆ. ಡ್ರ್ಯಾಗ್ ಓಟ ಹತ್ತು–ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ಘಾಟಿ ಮುಗಿಯಲು ಗಂಟೆಯೇ ಬೇಕಾದೀತು. ಇಳಿಯುವಾಗ ಇನ್ನೂ ಕಷ್ಟ. ಸಡಿಲ ಕನ್ವರ್ಟರ್ ಚಕ್ರಗಳ ವೇಗವನ್ನು ಎಂಜಿನ್ನಿಗೆ ಸರಿಯಾಗಿ ಮುಟ್ಟಿಸುವುದಿಲ್ಲವಾದ್ದರಿಂದ ಎಂಜಿನ್ ಹಿಡಿತ ಸಿಗದು. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಕಾದ ಬ್ರೇಕು ತಿರುವಿನಲ್ಲಿ ಕೈಕೊಡುತ್ತದೆ.

ಕಾನೂನು ಏನು ಹೇಳುತ್ತದೆ?

ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಟಿಗೆ 5 ಸಾವಿರ ರೂಪಾಯಿ ದಂಡ, ಅಥವಾ ಎರಡೂ ಅನ್ವಯವಾಗಬಹುದು. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪೈಪೋಟಿ ನಡೆಸುವುದು 189ನೇ ಸೆಕ್ಷನ್ ಪ್ರಕಾರ ಪ್ರತ್ಯೇಕ ಅಪರಾಧ.

ಆಸಕ್ತರಿಗೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಮಾನ್ಯತೆ ಪಡೆದ ಸ್ಪರ್ಧೆಗಳಿವೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಬಾರಿ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್ ಆದದ್ದು ಅಂತಹ ಟ್ರ್ಯಾಕಿನಲ್ಲಿಯೇ. ಅವರದು ಬೈಕ್ ವಿಭಾಗ, ಅಲ್ಲಿ ಕನ್ವರ್ಟರ್‌ನ ಗೊಡವೆ ಇಲ್ಲ.

ಇನ್ನು ತೋಟದ ಕೆಸರು ದಾರಿಗೆ ಆಟೊಮ್ಯಾಟಿಕ್ ಥಾರ್ ಕೊಂಡವರ ಬಳಿ ಕಾರ್ಖಾನೆಯೇ ಹೊಂದಿಸಿಕೊಟ್ಟ ಕನ್ವರ್ಟರ್ ಇದ್ದೇ ಇದೆ. ಕಡಿಮೆ ಸ್ಟಾಲ್‌ನ ಆ ಸಾಧನ ಚಕ್ರ ಗಿರಕಿ ಹೊಡೆಯದಂತೆ ನಿಧಾನವಾಗಿ ಎಳೆಯುತ್ತದೆ. ವೇಗ ಸಿಕ್ಕ ಮೇಲೆ ಒಳಗಿನ ಲಾಕ್‌ಅಪ್ ಕ್ಲಚ್ ಜಾರುವಿಕೆಯನ್ನು ನಿಲ್ಲಿಸುತ್ತದೆ. ದೋಣಿಗಲ್ ದಾಟಿ ಇಳಿಜಾರು ಆರಂಭವಾಗುವ ಮುನ್ನ ಗೇರ್ ಲಿವರನ್ನು ‘ಡಿ’ಯಿಂದ ಮ್ಯಾನುವಲ್‌ಗೆ ತಂದು ಎರಡನೇ ಅಥವಾ ಮೂರನೇ ಗೇರಿನಲ್ಲಿ ಹಿಡಿದರೆ ಬ್ರೇಕಿನ ಮೇಲಿನ ಹೊರೆ ಬಹುಪಾಲು ಇಳಿಯುತ್ತದೆ.